ಕಲ್ಲಿನೊಳಗಿನ ಎಲೆಕ್ಟ್ರಾನುಗಳು

ಗದಗಿನಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಚಾಚಿರುವ ಈ ಗುಡ್ಡದ ಕಲ್ಲಿಗೆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಅಲ್ಲಲ್ಲಿ ಮ್ಯಾಂಗನೀಸಿನ ಕಪ್ಪು ಆಕ್ಸೈಡೂ ಇದೆ. ಗಣಿಯವರಿಗೆ ಅದು ಅದಿರು, ಅಷ್ಟೆ. ಇಂಥ ಆಕ್ಸೈಡುಗಳೊಳಗೆ ಎಲೆಕ್ಟ್ರಾನುಗಳು ಯಾವಾಗ ಓಡುತ್ತವೆ, ಯಾವಾಗ ಕಾಲು ಮುರಿದುಕೊಂಡು ಕೂರುತ್ತವೆ ಎಂದು ಕೇಳುತ್ತಲೇ ಬಾಳು ಕಳೆದ ಕನ್ನಡನಾಡಿನ ವಿಜ್ಞಾನಿ ಸಿ.ಎನ್.ಆರ್. ರಾವ್.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್, ಸೆಂಟ್ರಲ್ ಕಾಲೇಜು ಮತ್ತು ಬನಾರಸಿನಲ್ಲಿ ಓದಿ, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಭೌತ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. 1963ರಲ್ಲಿ ಕಾನ್ಪುರದ ಐಐಟಿ ಸೇರಿದ ಮೇಲೆ ಅವರ ಮನಸ್ಸು ಬಿಡಿ ಅಣುಗಳಿಂದ ಗಟ್ಟಿ ವಸ್ತುಗಳ ಕಡೆಗೆ ಹೊರಳಿತು. ಆಗ ಘನಸ್ಥಿತಿ ರಸಾಯನಶಾಸ್ತ್ರ ನಮ್ಮಲ್ಲಿ ಹೆಚ್ಚು ಜನ ತುಳಿಯದ ಹಾದಿ. ಆ ಹೊರಳುವಿಕೆ ಅವರ ಯಾವ ಪ್ರಶಸ್ತಿಗಿಂತಲೂ ದೊಡ್ಡದೆಂದು ನನ್ನ ಎಣಿಕೆ.

ಕೆಲಸದ ಮೊದಲ ಹಂತ ನೋಡಲು ಬಲು ಸಾದಾ. ಪುಡಿಗಳನ್ನು ತೂಗಿ ಕಲ್ಬತ್ತಿನಲ್ಲಿ ಅರೆಯುವುದು, ಬಿಲ್ಲೆ ಒತ್ತಿ ಕುಲುಮೆಯಲ್ಲಿ ಸುಡುವುದು, ತೆಗೆದು ಮತ್ತೆ ಅರೆಯುವುದು. ಫಲ ಮಾತ್ರ ಸಾದಾ ಅಲ್ಲ. ವನೇಡಿಯಂ ಸೆಸ್ಕ್ವಿಆಕ್ಸೈಡನ್ನೇ ನೋಡಿ: ಕೋಣೆಯ ಉಷ್ಣತೆಯಲ್ಲಿ ಲೋಹದಂತೆ ವಿದ್ಯುತ್ ಹರಿಸುವ ಅದನ್ನು ಸುಮಾರು ಮೈನಸ್ 120 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ರೋಧ ಲಕ್ಷಾಂತರ ಪಟ್ಟು ಏರಿ, ಅವಾಹಕವಾಗುತ್ತದೆ. ಹೊರಗಿನಿಂದ ಏನನ್ನೂ ಬೆರೆಸಿಲ್ಲ, ಕಳೆದಿಲ್ಲ. ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವ ಬಲ ಮತ್ತು ಪರಮಾಣುಗಳ ಜೋಡಣೆ ಸೇರಿ ಆಟ ಬದಲಿಸುತ್ತವೆ. ಇಂಥ ಪಲ್ಲಟಗಳನ್ನು ರಾವ್ ವರ್ಷಗಟ್ಟಲೆ ಬೆನ್ನುಹತ್ತಿದರು.

1976ರಲ್ಲಿ ಬೆಂಗಳೂರಿಗೆ ಹಿಂತಿರುಗಿ, ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಹೊಸ ವಿಭಾಗ ಕಟ್ಟಿದರು. ಅಲ್ಲಿ ಸಹೋದ್ಯೋಗಿ ಗಂಗೂಲಿಯವರೊಡನೆ ಲ್ಯಾಂಥನಮ್–ತಾಮ್ರದ ಪದರ ಪದರ ಆಕ್ಸೈಡನ್ನೂ ಪರೀಕ್ಷಿಸಿದ್ದರು. 1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್ನಾರ್ಜ್ ಮತ್ತು ಮುಲ್ಲರ್ ಅದೇ ಬಳಗದ ವಸ್ತುವಿಗೆ ಬೇರಿಯಂ ಸೇರಿಸಿ, ಸುಮಾರು 30 ಕೆಲ್ವಿನ್‌ನಲ್ಲಿ ಅತಿವಾಹಕತೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವುದನ್ನು, ಕಂಡರು. ಮರುವರ್ಷ ನೊಬೆಲ್ ಪಡೆದರು. ಎಷ್ಟು ಹತ್ತಿರ ಹೋಗಿದ್ದೆವು ಎನ್ನಿಸದೆ ಇರದು. ಕೊರಗುತ್ತ ಕೂರಲು ಮಾತ್ರ ಪುರುಸೊತ್ತಿರಲಿಲ್ಲ. 1987ರ ಆರಂಭದಲ್ಲಿ ಅಮೆರಿಕದಿಂದ ಯಿಟ್ರಿಯಂ–ಬೇರಿಯಂ–ತಾಮ್ರದ ಮಿಶ್ರಣವೊಂದು 90 ಕೆಲ್ವಿನ್ ದಾಟಿದ ಸುದ್ದಿ ಬಂತು. ದ್ರವ ಸಾರಜನಕದ ಉಷ್ಣತೆ 77 ಕೆಲ್ವಿನ್. ಹಾಗಾಗಿ ತಣಿಸಲು ದುಬಾರಿ ದ್ರವ ಹೀಲಿಯಂ ಇನ್ನು ಬೇಕಿರಲಿಲ್ಲ. ಆದರೆ ಆ ಮಿಶ್ರಣ ಹಲವು ವಸ್ತುಗಳ ಕಲಬೆರಕೆ. ಅತಿವಾಹಕ ಯಾವುದು? ಯಿಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು ಎಂಬ ಪ್ರಮಾಣದ ಸಂಯುಕ್ತವೇ ಅದು ಎಂದು ರಾವ್ ತಂಡ ಗುರುತಿಸಿ, ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಬೇರೆ ದೇಶಗಳ ಗುಂಪುಗಳೂ ಆ ದಿನಗಳಲ್ಲೇ ಅದೇ ಉತ್ತರ ಮುಟ್ಟಿದ್ದವು.

ಈ ಸಂಯುಕ್ತದಲ್ಲಿ ಅದೇ ಲೆಕ್ಕಕ್ಕೆ ಆಮ್ಲಜನಕದ ಪರಮಾಣುಗಳು ಏಳರ ಹತ್ತಿರ ಇದ್ದರೆ ಅದು ಅತಿವಾಹಕ. ಆರಕ್ಕೆ ಇಳಿದರೆ ಅವಾಹಕ. ಸುಟ್ಟ ಬಿಲ್ಲೆಯನ್ನು ಆಮ್ಲಜನಕದ ಹರಿವಿನಲ್ಲಿ ನಿಧಾನವಾಗಿ ತಣಿಸದಿದ್ದರೆ ಶ್ರಮವೆಲ್ಲ ವ್ಯರ್ಥ. ಕುಲುಮೆಯಲ್ಲಿ ಪಳಗಿದ ಕೈಗಳಿಗೆ ಇದು ಮೊದಲೇ ಗೊತ್ತಿದ್ದ ಬಗೆಯ ಕೆಲಸ. ಬೆಂಗಳೂರಿನ ತಂಡ ವಾರಗಳಲ್ಲಿ ಉತ್ತರ ಕೊಟ್ಟದ್ದಕ್ಕೆ ಹಿಂದಿನ ಎರಡು ದಶಕಗಳ ಆ ಪಳಗುವಿಕೆಯೇ ಕಾರಣ.

ಮುಂದೆ 1989ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರ ಕಟ್ಟಿದರು. 2014ರಲ್ಲಿ ಭಾರತರತ್ನ ಸಂದಿತು. ಪ್ರಬಂಧಗಳ ಸಂಖ್ಯೆ 1,500 ದಾಟಿತೆಂದು ಪತ್ರಿಕೆಗಳು ಬೆರಗಾದವು. ನನಗೆ ಆ ಲೆಕ್ಕಕ್ಕಿಂತ, 1990ರ ದಶಕದಲ್ಲಿ ಅವರು ಮ್ಯಾಂಗನೀಸಿನ ಆಕ್ಸೈಡುಗಳಿಗೆ ಕೈಹಾಕಿದ್ದು ಹೆಚ್ಚು ಸ್ವಾರಸ್ಯದ್ದು. ಅವುಗಳಲ್ಲಿ ಕೆಲವನ್ನು ಆಯಸ್ಕಾಂತದ ಧ್ರುವಗಳ ನಡುವೆ ಇಟ್ಟರೆ ವಿದ್ಯುತ್ ರೋಧ ದಿಢೀರನೆ ಕುಸಿಯುತ್ತದೆ.