ನಾಗಪಾಡಾದ ಅಂಕಣದಿಂದ ಏಷ್ಯಾದ ಅಂಗಳಕ್ಕೆ: ಅಬ್ಬಾಸ್ ಮುಂತಸಿರ್ ಅವರ ಆಟದ ಬದುಕು

ಪುಣೆ ಜಿಲ್ಲೆಯ ಶಿರೂರು, ಉಡುಪಿಯ ಅಷ್ಟಮಠಗಳ ಮೂಲಕ ಕನ್ನಡಿಗರಿಗೆ ಪರಿಚಿತವಾದ ಶಿರೂರಿಗಿಂತ ಬೇರೆಯ ಊರು. ಘೋಡ್ ನದಿಯ ದಂಡೆಯಲ್ಲಿ, ಪುಣೆಯಿಂದ ಅಹಿಲ್ಯಾನಗರದತ್ತ (ಹಿಂದಿನ ಅಹಮದ್‌ನಗರ) ಸಾಗುವ ಹೆದ್ದಾರಿಯ ಮೇಲಿರುವ ಈ ತಾಲ್ಲೂಕು ಕೇಂದ್ರದ ಸನಿಹದವರೆಗೆ ಅಷ್ಟವಿನಾಯಕ ಯಾತ್ರೆಯ ಕನ್ನಡಿಗರು ಹೋಗಿಬರುತ್ತಾರೆ, ಏಕೆಂದರೆ ರಾಂಜಣಗಾಂವ್‌ನ ಮಹಾಗಣಪತಿ ದೇವಾಲಯ ಇದೇ ತಾಲ್ಲೂಕಿನಲ್ಲಿದೆ. ಇತಿಹಾಸದ ಪುಸ್ತಕಗಳಲ್ಲಿ ಶಿರೂರಿನ ಹೆಸರು ಮುಖ್ಯವಾಗಿ ಬರುವುದು ಬ್ರಿಟಿಷರ ದಂಡುಪ್ರದೇಶವಾಗಿ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿದ ತುಕಡಿ ಹಿಂದಿನ ರಾತ್ರಿ ಹೊರಟದ್ದು ಇಲ್ಲಿಂದಲೇ. ಆದರೆ ಭಾರತದ ಬ್ಯಾಸ್ಕೆಟ್‌ಬಾಲ್‌ನ ಕಥೆಗೆ ಬೇಕಾದದ್ದು ಈ ಊರಿನ ಇನ್ನೊಂದು ಮುಖ. 1813ರಲ್ಲಿ ಮುಂಬಯಿಯಲ್ಲಿ ಕೆಲಸ ಆರಂಭಿಸಿ ಮರಾಠಿ ನಾಡಿನ ಒಳಭಾಗಗಳಿಗೆ ಹರಡಿದ ಅಮೆರಿಕನ್ ಮರಾಠಿ ಮಿಷನ್, ಶಿರೂರಿನಲ್ಲಿಯೂ ಒಂದು ಕೇಂದ್ರವನ್ನು ಹೊಂದಿತ್ತು ಮತ್ತು ಸರ್ ದಿನ್‌ಶಾ ಮಾನೆಕ್‌ಜಿ ಪೆಟಿಟ್ ಅವರ ಹೆಸರಿನಲ್ಲಿ ಅಲ್ಲಿ ಕೈಕಸುಬಿನ ಶಾಲೆಯೊಂದನ್ನು ನಡೆಸುತ್ತಿತ್ತು. ಧರ್ಮಪ್ರಚಾರಕ್ಕೆಂದು ಬಂದ ಸಂಸ್ಥೆಯೊಂದು ಬಡಗಿತನ, ನಾರಿನ ಕೆಲಸಗಳಂಥ ಕಸುಬುಗಳನ್ನು ಕಲಿಸಲು ತೊಡಗಿದ್ದರಲ್ಲಿ ಕಾಣುವ ಸಮಾಜಸೇವೆಯ ಒಲವೇ ಮುಂದೆ ಅದೇ ಮಿಷನ್ ಮುಂಬಯಿಯ ನಾಗಪಾಡಾದಲ್ಲಿ ತೆರೆದ ಸಂಸ್ಥೆಯಲ್ಲಿ ಪೂರ್ಣ ರೂಪ ಪಡೆಯಿತು.

1920ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ಸಂಸ್ಥೆಯ ಹೆಸರು ನಾಗಪಾಡಾ ನೇಬರ್‌ಹುಡ್ ಹೌಸ್. ನಗರದ ಬಡ ಕೇರಿಯ ನಡುವೆಯೇ ಕಾರ್ಯಕರ್ತರು ನೆಲೆಸಿ, ಅಲ್ಲಿನ ಜನರಿಗೆ ಓದು, ಆರೋಗ್ಯ, ಆಟ ಮತ್ತು ಸಭೆಗಳಿಗೆ ಒಂದೇ ಕಡೆ ಅನುಕೂಲ ಕಲ್ಪಿಸುವ 'ನೆರೆಹೊರೆಯ ಮನೆ' ಎಂಬ ಕಲ್ಪನೆ ಆ ಹೊತ್ತಿಗಾಗಲೇ ಅಮೆರಿಕದಲ್ಲಿ ಬೇರೂರಿತ್ತು. 1889ರಲ್ಲಿ ಶಿಕಾಗೊದಲ್ಲಿ ಜೇನ್ ಆಡಮ್ಸ್ ಕಟ್ಟಿದ ಹಲ್ ಹೌಸ್ ಅದರ ಪ್ರಸಿದ್ಧ ಮಾದರಿ. ನಾಗಪಾಡಾದ ಸಂಸ್ಥೆಯನ್ನು ಮುನ್ನಡೆಸಿದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರೇ, 1936ರಲ್ಲಿ ಅದೇ ಆವರಣದಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯ ಮೊದಲ ನಿರ್ದೇಶಕರೂ ಆದರು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲ ಅದು. ಹೀಗೆ ದೇಶದ ಸಮಾಜಕಾರ್ಯ ಶಿಕ್ಷಣದ ತೊಟ್ಟಿಲಾದ ಈ ಕೇರಿ, ಬ್ಯಾಸ್ಕೆಟ್‌ಬಾಲ್‌ನ ತವರೂ ಆಯಿತು.

ಗಿರಣಿ, ಬಂದರು ಮತ್ತು ಸಣ್ಣ ವರ್ಕ್‌ಶಾಪುಗಳ ದುಡಿಮೆಯ ಜನ ಇಕ್ಕಟ್ಟಾಗಿ ಬದುಕುವ ನಾಗಪಾಡಾದಲ್ಲಿ ಕ್ರಿಕೆಟ್‌ಗೆ ಬೇಕಾಗುವಷ್ಟು ಬಯಲು ಇರಲಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ಸಾಕಾಗುವುದು 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ, ಎರಡು ಕಂಬ ಮತ್ತು ನೆಲದಿಂದ 3.05 ಮೀಟರ್ ಎತ್ತರದಲ್ಲಿ ಬಿಗಿದ ಎರಡು ಬಳೆಗಳು. ಮಳೆ, ಹಿಮದ ಕಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು 13 ನಿಯಮಗಳೊಡನೆ ರೂಪಿಸಿದ ಈ ಆಟ, ಜಾಗದ ಅಭಾವವನ್ನೇ ಅನುಕೂಲವಾಗಿಸಿಕೊಂಡು ಹುಟ್ಟಿದ್ದರಿಂದ ಮುಂಬಯಿಯಂಥ ಊರಿಗೆ ಸಹಜವಾಗಿಯೇ ಒಗ್ಗಿತು. ವೈಎಂಸಿಎ ಶಾಖೆಗಳ ಮೂಲಕ, 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದ್ರಾಸಿನಲ್ಲಿ ತೆರೆದ ದೈಹಿಕ ಶಿಕ್ಷಣ ಕಾಲೇಜಿನ ಪದವೀಧರರ ಮೂಲಕ ಅದು ದೇಶದ ಶಾಲೆಗಳಿಗೆ ಹಬ್ಬಿತು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು, 1950ರಲ್ಲಿ ಭಾರತ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ರೂಪುಗೊಂಡಿತು.

ಗುಲಾಂ ಅಬ್ಬಾಸ್ ಮುಂತಸಿರ್ ಅವರು ಹುಟ್ಟಿದ್ದು 1942ರ ಜನವರಿ 7ರಂದು. ಆಟವನ್ನು ಅವರು ಕಲಿತದ್ದು ನಾಗಪಾಡಾದಲ್ಲಿ, ಬಳೆಯ ಕೆಳಗೆ ಸದಾ ಹತ್ತಾರು ಹುಡುಗರು ಸರದಿಗಾಗಿ ಕಾದು ನಿಲ್ಲುತ್ತಿದ್ದ ತೆರೆದ ಅಂಕಣದಲ್ಲಿ. ಇಂಥ ಕೇರಿಯ ಅಂಕಣಗಳಲ್ಲಿ ಸೋತ ತಂಡ ಹೊರಗೆ ಹೋಗಿ ಗೆದ್ದ ತಂಡ ಉಳಿದುಕೊಳ್ಳುವುದು ವಾಡಿಕೆ. ಒಮ್ಮೆ ಹೊರಬಿದ್ದರೆ ಮತ್ತೆ ಆಡಲು ಬಹಳ ಹೊತ್ತು ಕಾಯಬೇಕಾದ್ದರಿಂದ ಪ್ರತಿ ಆಟವನ್ನೂ ಪಣ ತೊಟ್ಟು ಆಡುವ ಸ್ವಭಾವ ಹುಡುಗರಿಗೆ ಎಳವೆಯಲ್ಲೇ ಮೈಗೂಡುತ್ತದೆ. ಮುಂತಸಿರ್ ಅವರ ಆಟದಲ್ಲಿ ಜನ ಕಂಡ ಕೆಚ್ಚು, ಚೆಂಡಿನ ಮೇಲಿನ ಹಿಡಿತ ಮತ್ತು ನೋಡುಗರನ್ನು ಸೆಳೆಯುವ ಠೀವಿಗಳಿಗೆ ಈ ಬೆಳವಣಿಗೆಯೇ ಕಾರಣವೆಂದು ತಿಳಿಯುವುದು ತಪ್ಪಾಗಲಾರದು. ಭಾರತದ ಬ್ಯಾಸ್ಕೆಟ್‌ಬಾಲ್‌ನ ಮೊದಲ ತಾರೆ ಎಂದು ಅವರನ್ನು ಕರೆಯುವವರು ಈ ಕ್ರೀಡೆಯ ವಲಯದಲ್ಲಿ ಇಂದಿಗೂ ಇದ್ದಾರೆ.

ಆ ಕಾಲದ ಆಟವನ್ನು ಇಂದಿನ ಕಣ್ಣಿನಿಂದ ಅಳೆಯುವುದು ಸರಿಯಲ್ಲವೆಂಬುದಕ್ಕೆ ನಿಯಮಗಳೇ ಸಾಕ್ಷಿ. ದೂರದಿಂದ ಹಾಕಿದ ಬುಟ್ಟಿಗೆ ಮೂರು ಅಂಕ ಕೊಡುವ ಕಮಾನು ಗೆರೆಯನ್ನು ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡದ್ದು 1984ರಲ್ಲಿ, ಎಂದರೆ ಮುಂತಸಿರ್ ಅವರ ಆಟ ಮುಗಿದು ಬಹಳ ವರ್ಷಗಳ ಮೇಲೆ. ಅವರ ದಿನಗಳಲ್ಲಿ ಎಲ್ಲಿಂದ ಎಸೆದರೂ ಬುಟ್ಟಿಗೆ ಎರಡೇ ಅಂಕ, ಎದುರಾಳಿಯ ತಪ್ಪಿಗಾಗಿ ಸಿಗುವ ಮುಕ್ತ ಎಸೆತಕ್ಕೆ ಒಂದು ಅಂಕ. ಚೆಂಡು ಕೈಗೆ ಬಂದ 30 ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕು, ಆ ಮಿತಿ 24 ಸೆಕೆಂಡಿಗೆ ಇಳಿದದ್ದು 2000ರಲ್ಲಿ. ಪಂದ್ಯ ಹತ್ತು ಹತ್ತು ನಿಮಿಷಗಳ ನಾಲ್ಕು ಭಾಗಗಳಲ್ಲ, ಇಪ್ಪತ್ತು ನಿಮಿಷಗಳ ಎರಡು ಅವಧಿ. ದೂರದ ಎಸೆತಕ್ಕೆ ಹೆಚ್ಚಿನ ಲಾಭವಿಲ್ಲದ ಕಾರಣ ಎಲ್ಲರ ಗುರಿಯೂ ಬಳೆಯ ಸಮೀಪವೇ ಇರುತ್ತಿತ್ತು, ರಕ್ಷಣೆಯ ಆಟಗಾರರೂ ಅಲ್ಲಿಯೇ ಗುಂಪುಗೂಡುತ್ತಿದ್ದರು, ಆ ದಟ್ಟಣೆಯ ನಡುವೆ ಚೆಂಡನ್ನು ನೆಲಕ್ಕೆ ಪುಟಿಸುತ್ತ ನುಗ್ಗುವ ಡ್ರಿಬಲ್, ಒಂದು ಪಾದವನ್ನು ಊರಿ ಇನ್ನೊಂದನ್ನು ತಿರುಗಿಸುತ್ತ ದಾರಿ ಹುಡುಕುವ ಪಿವಟ್ ಮತ್ತು ಜೊತೆಗಾರನಿಗೆ ಕಣ್ಣು ತಪ್ಪಿಸಿ ಚೆಂಡು ದಾಟಿಸುವ ಪಾಸ್, ಈ ಮೂರರಲ್ಲಿ ಪಳಗಿದವನೇ ಪಂದ್ಯವನ್ನು ಕೈಯಲ್ಲಿ ಹಿಡಿಯುತ್ತಿದ್ದ.

1960ರಿಂದ ಒಂದೂವರೆ ದಶಕದ ಕಾಲ ಮುಂತಸಿರ್ ಅವರು ಭಾರತ ತಂಡದಲ್ಲಿದ್ದರು, ಅದರ ನಾಯಕತ್ವವನ್ನೂ ವಹಿಸಿದರು. ಭಾರತ ಏಷ್ಯಾ ಚಾಂಪಿಯನ್‌ಷಿಪ್‌ಗೆ ಮೊದಲು ಇಳಿದದ್ದು 1965ರಲ್ಲಿ, ಕ್ವಾಲಾಲಂಪುರದಲ್ಲಿ. ಫಿಲಿಪ್ಪೀನ್ಸ್, ಜಪಾನ್, ದಕ್ಷಿಣ ಕೊರಿಯಾಗಳು ಖಂಡವನ್ನು ಆಳುತ್ತಿದ್ದ ಆ ಕಾಲದಲ್ಲಿ ಭಾರತದ ಆಟಗಾರರು ಬಹುಪಾಲು ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ನೌಕರರಾಗಿದ್ದು, ಕೆಲಸದ ನಡುವೆ ಶಿಬಿರಗಳಲ್ಲಿ ಕೂಡಿ ಅಭ್ಯಾಸ ಮಾಡುತ್ತಿದ್ದರು. ಸರ್ಬ್‌ಜಿತ್ ಸಿಂಗ್, ಖುಷಿರಾಂ ಅವರಂಥ ಹಿರಿಯರ ಬಳಿಕ 1970ರಲ್ಲಿ ಮುಂತಸಿರ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಉತ್ತರ ಭಾರತದ ದಂಡಿನ ಮೈದಾನಗಳೇ ಹೆಚ್ಚಾಗಿ ಆಟಗಾರರನ್ನು ಕೊಡುತ್ತಿದ್ದ ಕ್ರೀಡೆಯಲ್ಲಿ ಮುಂಬಯಿಯ ಕೇರಿಯೊಂದರಿಂದ ಬಂದವರಿಗೆ ಈ ಮನ್ನಣೆ ದೊರೆತದ್ದು ಸಣ್ಣ ಸಂಗತಿಯಲ್ಲ.

1975ರ ಏಷ್ಯಾ ಚಾಂಪಿಯನ್‌ಷಿಪ್ ಬ್ಯಾಂಕಾಕ್‌ನಲ್ಲಿ ನಡೆಯಿತು. ಅದು ಅವರ ಅಂತರರಾಷ್ಟ್ರೀಯ ಬದುಕಿನ ಕೊನೆಯ ಘಟ್ಟವಾಗಿತ್ತು. ಮೊದಲ ಬಾರಿಗೆ ಭಾಗವಹಿಸಿದ ಚೀನಾ ಪ್ರಶಸ್ತಿ ಗೆದ್ದಿತು, ಜಪಾನ್ ಎರಡನೆಯದು, ದಕ್ಷಿಣ ಕೊರಿಯಾ ಮೂರನೆಯದು, ಭಾರತ ನಾಲ್ಕನೆಯದು. ಅದಕ್ಕಿಂತ ಮೇಲಿನ ಸ್ಥಾನವನ್ನು ಭಾರತದ ಪುರುಷರ ತಂಡ ಈ ಪಂದ್ಯಾವಳಿಯಲ್ಲಿ ಅನಂತರ ಎಂದೂ ಪಡೆದಿಲ್ಲ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ್ದು ಅನೇಕರಿಗೆ ನೆನಪಿರುತ್ತದೆ, ಆದರೆ ಅಮೆರಿಕವೂ ಇತರ ಅನೇಕ ದೇಶಗಳೂ ಬಹಿಷ್ಕರಿಸಿದ್ದರಿಂದ ತೆರವಾದ ಸ್ಥಾನ ಅದು. ಆಡಿದ ಎಲ್ಲ ಪಂದ್ಯಗಳನ್ನೂ ಸೋತು ತಂಡ 12ನೆಯ ಸ್ಥಾನದಲ್ಲಿ ಉಳಿಯಿತು. ಆಟದ ಬೆಲೆಯಿಂದ ತೂಗಿದರೆ ಬ್ಯಾಂಕಾಕ್‌ನ ನಾಲ್ಕನೆಯ ಸ್ಥಾನವೇ ದೊಡ್ಡದು, ಅದನ್ನು ದುಡಿದು ಗಳಿಸಿದ ಪೀಳಿಗೆಗೆ ಸಿಗಬೇಕಾದ ಗೌರವ ಮಾತ್ರ ಸಿಕ್ಕಿಲ್ಲ. ದೂರದರ್ಶನ ಊರೂರಿಗೆ ಬರುವ ಮುನ್ನವೇ ಆ ಆಟಗಾರರ ಕಾಲ ಮುಗಿದಿತ್ತು, ಅವರ ಆಟವನ್ನು ಕಂಡವರ ನೆನಪುಗಳೇ ಇಂದು ಮುಖ್ಯ ದಾಖಲೆಯಾಗಿ ಉಳಿದಿವೆ ಎಂಬುದು ಈ ಕ್ರೀಡೆಯ ಬಗ್ಗೆ ಕಾಳಜಿಯುಳ್ಳವರನ್ನು ನೋಯಿಸಬೇಕಾದ ಸಂಗತಿ.

ಆಟ ಬಿಟ್ಟ ಮೇಲೆ ಮುಂತಸಿರ್ ಅವರು ಹಿಂದಿ ಸಿನಿಮಾಗಳಲ್ಲಿಯೂ ಕಾಣಿಸಿಕೊಂಡರು. 2022ರ ನವೆಂಬರ್‌ನಲ್ಲಿ, 80ರ ವಯಸ್ಸಿನಲ್ಲಿ ನಿಧನರಾದರು. ನಾಗಪಾಡಾದಲ್ಲಿ ಬಚ್ಚೂಖಾನ್ ಹೆಸರಿನ ಪಾಲಿಕೆಯ ಮೈದಾನವೂ ಮಸ್ತಾನ್ ವೈಎಂಸಿಎಯ ಅಂಕಣವೂ ಇಂದಿಗೂ ಆಟಗಾರರಿಂದ ತುಂಬಿರುತ್ತವೆ, ಕೇರಿಯ ಸಂಘವಾದ ನಾಗಪಾಡಾ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ತಂಡಗಳನ್ನು ಕಟ್ಟುತ್ತಲೇ ಇದೆ.

ಏಷ್ಯಾದ ಮಟ್ಟದಲ್ಲಿ ಈಚಿನ ಸಂತೋಷದ ಸುದ್ದಿ ಬಂದದ್ದು ಮಹಿಳೆಯರ ಆಟದಿಂದ, ಅದೂ ಕರ್ನಾಟಕದ ನೆಲದಲ್ಲಿ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಅನಿತಾ ಪಾಲ್‌ದುರೈ ನಾಯಕತ್ವದ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ 'ಎ' ವಿಭಾಗಕ್ಕೆ ಏರಿತು. ಆ ತಂಡದಲ್ಲಿ ಕರ್ನಾಟಕದ ನವನೀತಾ ಇದ್ದರು, ಶಿರೂರಿನ ಜಿಲ್ಲಾ ಕೇಂದ್ರವಾದ ಪುಣೆಯಿಂದ ಬಂದ ಶಿರೀನ್ ಲಿಮಯೆ ಇದ್ದರು. ಎರಡು ವರ್ಷಗಳ ತರುವಾಯ, 2019ರ ಸೆಪ್ಟೆಂಬರ್‌ನಲ್ಲಿ, ಮುಖ್ಯ ವಿಭಾಗದ ಏಷ್ಯಾ ಕಪ್ ಕೂಡ ಬೆಂಗಳೂರಿಗೇ ಬಂತು. ಆ ಪಂದ್ಯಗಳು ಚಿತ್ರೀಕರಣಗೊಂಡಿವೆ, ಪ್ರತಿ ಆಟಗಾರ್ತಿಯ ಪ್ರತಿ ಬುಟ್ಟಿ, ಬುಟ್ಟಿಗೆ ನೆರವಾದ ಪ್ರತಿ ಪಾಸ್ ಲೆಕ್ಕಕ್ಕೆ ಸೇರಿದೆ. ಮುಂತಸಿರ್ ಅವರ ಪೀಳಿಗೆಗೆ ದೊರೆಯದ ಈ ಭಾಗ್ಯ ಅವರ ನಂತರದವರಿಗಾದರೂ ದೊರೆತಿದೆ.