3 ಮರಕ್ಕೆ 1 ಕೋಟಿ!

ಕಂಪನಿಯ ಬರೀ 3 ಪರ್ಸೆಂಟಿಗೆ
1 ಕೋಟಿ 5 ಲಕ್ಷ ಯಾರಾದ್ರೂ ಕೊಡ್ತಾರಾ?

ಕೊಟ್ಟಿದ್ದಾರೆ!
‘ಶಾರ್ಕ್’ ಎಂಬ ಹೂಡಿಕೆದಾರರು ಕಂಪನಿಯ ಪಾಲು ಕೊಳ್ಳುವ ಟಿವಿ ಶೋ,
ಶಾರ್ಕ್ ಟ್ಯಾಂಕ್ ಇಂಡಿಯಾ, ಮೊದಲ ಸೀಸನ್.
ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ತಂದದ್ದು ‘ಆ್ಯನಿ’.
ಕಣ್ಣು ಕಾಣದ ಮಕ್ಕಳಿಗೆ
ಮಾತಾಡ್ತಾ ಬ್ರೈಲ್ ಕಲಿಸುವ ಯಂತ್ರ.
ಎಂಥ ಚೆಂದದ ಕೆಲಸ!

ಪುತ್ತೂರು, ಸುಳ್ಯ, ಕಡಬದವರೇ,
ಲೆಕ್ಕ ನಮ್ಮ ತೋಟದಲ್ಲೇ ನೋಡಿ.
100 ಅಡಿಕೆ ಮರ.
3 ಮರದ ಫಸಲು ಪಾಲುದಾರನಿಗೆ.
ಸಾಲ ಅಲ್ಲ, ಬಡ್ಡಿ ಇಲ್ಲ.
ಕೊಳೆರೋಗ ಬಂದ್ರೆ ನಷ್ಟ ಅವನಿಗೂ.
3 ಮರಕ್ಕೇ ಅಷ್ಟಾದ್ರೆ,
ಇಡೀ ತೋಟಕ್ಕೆ 35 ಕೋಟಿ!

ಶಾರ್ಕ್‌ಗಳಿಲ್ಲದೇ ನಮ್ಮೂರೂ ಪಾಲು ಹಾಕಿ ಉದ್ಯಮ ಕಟ್ಟಿದೆ.
ಕೊಕ್ಕೊ ಕೇಳುವವರಿಲ್ಲದೆ ರೈತರು ಕಂಗಾಲಾಗಿದ್ದ ಕಾಲ.
ಬೆಳೆಗಾರರದ್ದೇ ಪಾಲಿರುವ ಕ್ಯಾಂಪ್ಕೊ ಖರೀದಿಗೆ ಇಳಿಯಿತು.
1986ರಲ್ಲಿ ಪುತ್ತೂರಲ್ಲೇ ಚಾಕೊಲೇಟ್ ಫ್ಯಾಕ್ಟರಿ!
ಇವತ್ತಿಗೂ ಅಲ್ಲಿ ಕೊಕ್ಕೊ ಹುರೀತಾರೆ.