ಜುಮ್ ಎನ್ನುವ ಫ್ರಿಜ್: ಹೊಣೆ ಯಾರದು?

ಬೇಸಿಗೆ ರಜೆಯಲ್ಲಿ ಮಂಜೇಶ್ವರದ ಕಡೆ ಇರುವ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಅಂಗಳದಾಚೆ ಬಾವಿ. ಮಕ್ಕಳಿಬ್ಬರೂ ಗಲ್ಫಿನಲ್ಲಿ, ಅಷ್ಟು ದೊಡ್ಡ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ತಣ್ಣೀರಿಗೆಂದು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವರು ಕೂಗಿದರು: “ಬರಿಗಾಲಲ್ಲಿ ಮುಟ್ಟಬೇಡ ಮಗಾ, ಜುಮ್ ಅನ್ನುತ್ತದೆ. ಅಲ್ಲೇ ಚಪ್ಪಲಿ ಉಂಟಲ್ಲ, ಹಾಕಿಕೊ.”

ನೋಡಿದರೆ ಫ್ರಿಜ್ಜಿನ ಬುಡದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ! ಎರಡು ಮಳೆಗಾಲದಿಂದ ಹೀಗೆಯೇ ನಡೆದಿತ್ತಂತೆ. ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರು. ಫ್ರಿಜ್ ರಿಪೇರಿಯವನು “ಫ್ರಿಜ್ ಸರಿ ಇದೆ, ವೈರಿಂಗ್ ನೋಡಿಸಿ” ಎಂದ. ಮೀಟರ್ ನೋಡಲು ಬಂದವರು “ಮನೆಯೊಳಗಿನದು ನಮ್ಮ ಕೆಲಸವಲ್ಲ” ಎಂದರು. ದೊಡ್ಡ ಮಗ “ಮನೆ ತಮ್ಮನ ಪಾಲಿಗೆ ಬಂದಿದೆ, ಅವನಿಗೆ ಹೇಳಿ” ಎಂದ. ತಮ್ಮ “ಮುಂದಿನ ರಜೆಗೆ ಬಂದಾಗ ನೋಡೋಣ” ಎಂದ. ಎಲ್ಲರೂ ಉತ್ತರ ಕೊಟ್ಟರು, ಯಾರೂ ಸರಿ ಮಾಡಲಿಲ್ಲ. ಉಳಿದದ್ದು ಚಪ್ಪಲಿ ಮಾತ್ರ.

ಪ್ರಿಯ ಓದುಗರೇ, ಇಂಥ ಚಪ್ಪಲಿ ನಿಮ್ಮ ಮನೆಯಲ್ಲೂ ಇದೆಯೇ?

ಆ ‘ಜುಮ್’ ಏನು ಹೇಳುತ್ತದೆ?

ಅದು ಎರಡು ಸಂಗತಿ ಹೇಳುತ್ತದೆ. ಯಂತ್ರದೊಳಗಿಂದ ಸ್ವಲ್ಪ ಕರೆಂಟು ಅದರ ಲೋಹದ ಮೈಗೆ ಸೋರುತ್ತಿದೆ. ಹಾಗೆ ಸೋರಿದ ಕರೆಂಟು ನೆಲಕ್ಕೆ ಇಳಿಯಬೇಕಾದ ದಾರಿ ಎಲ್ಲೋ ಕಡಿದುಹೋಗಿದೆ. ಆ ದಾರಿಯೇ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಪಿನ್ ಅದರದ್ದು. ಚುಚ್ಚುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಅದನ್ನು ಉದ್ದ ಮಾಡಿದ್ದಾರೆ. ಅರ್ಥಿಂಗ್ ಇಲ್ಲದಿದ್ದರೆ ಕರೆಂಟು ಬೇರೆ ದಾರಿಗಾಗಿ ಕಾಯುತ್ತದೆ. ಮುಟ್ಟಿದವರ ಮೈಯೇ ಆ ದಾರಿಯಾಗುತ್ತದೆ. ಇಂದು ಜುಮ್ ಎಂದದ್ದು, ಒಳಗಿನ ವೈರಿನ ಸಿಪ್ಪೆ ಪೂರ್ತಿ ಹೋದ ದಿನ ಜೀವ ತೆಗೆಯಬಹುದು. ಮಳೆಗಾಲದ ಒದ್ದೆ ನೆಲದಲ್ಲಿ, ಒದ್ದೆ ಚಪ್ಪಲಿಯನ್ನು ನಂಬುವ ಹಾಗಿಲ್ಲ.

ಹಳೆ ಮನೆಗಳಲ್ಲಿ ಏನಾಗಿದೆ?

ದೊಡ್ಡಮ್ಮನ ಮನೆಗೆ ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿದೆವು. ಹಿಂದೊಮ್ಮೆ ಯಾರೋ ಅರ್ಥಿಂಗ್ ತಂತಿಯನ್ನು ಬಾವಿಯ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಆ ಕಾಲಕ್ಕೆ ಹೇಗೋ ನಡೆಯಿತು. ಆಮೇಲೆ ಪೈಪು ತುಕ್ಕು ಹಿಡಿದು ಪಿ.ವಿ.ಸಿ. ಹಾಕಿಸಿದರು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಉಳಿದ ತುಂಡು ಕಬ್ಬಿಣಕ್ಕೆ ತಂತಿ ಸುತ್ತಿದಂತೆಯೇ ಇತ್ತು. ನೋಡುವವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತಿತ್ತು.

ಇನ್ನೂ ಕೆಲವು ತೊಂದರೆಗಳನ್ನು ಅವರು ತಿಳಿಸಿದರು. ಕೆಲವು ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಕೆಲವರು ಅದನ್ನು ನ್ಯೂಟ್ರಲ್‌ಗೆ ಜೋಡಿಸಿಬಿಡುತ್ತಾರೆ. ಇದು ಇನ್ನೂ ಅಪಾಯ: ಮುಂದೆ ನ್ಯೂಟ್ರಲ್ ಕಡಿದರೆ ಯಂತ್ರದ ಮೈಯೆಲ್ಲ ಕರೆಂಟು.

ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಇದ್ದ ಅರ್ಥಿಂಗ್ ಕೂಡ ಸೋಲುತ್ತದೆ. ಲೆಕ್ಕ ಹೀಗಿದೆ. ನೆಲದ ತಡೆ 20 ಓಮ್ ಆದರೆ, 230 ವೋಲ್ಟಿನಲ್ಲಿ ಹರಿಯುವುದು ಸುಮಾರು 11.5 ಆಂಪಿಯರ್. 15 ಆಂಪಿಯರಿನ ಫ್ಯೂಸ್ ಅಷ್ಟಕ್ಕೆ ಸುಡುವುದಿಲ್ಲ. ದೋಷ ಹಾಗೆಯೇ ಮುಂದುವರಿಯುತ್ತದೆ.

ಯಾರ ಹೊಣೆ ಎಲ್ಲಿಯವರೆಗೆ?

1956ರ ಭಾರತೀಯ ವಿದ್ಯುತ್ ನಿಯಮಗಳು ಹೊಣೆಯನ್ನು ಹಂಚಿದ್ದವು. ಅವುಗಳ ಬದಲಿಗೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂದಾಗಲೂ ಹಂಚಿಕೆ ಅದೇ ಆಗಿತ್ತು. ಆ ನಿಯಮಾವಳಿಯ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ. ಹಂಚಿಕೆ ಹೀಗೆ: ಕರೆಂಟು ಮನೆಗೆ ಬರುವ ಜಾಗದ ಹತ್ತಿರ ಬಳಕೆದಾರರಿಗೆ ಅರ್ಥಿಂಗ್ ಟರ್ಮಿನಲ್ ಒದಗಿಸುವುದು, ತನ್ನ ಲೈನು ಮತ್ತು ಮೀಟರನ್ನು ಸುರಕ್ಷಿತವಾಗಿಡುವುದು ಕರೆಂಟು ಕೊಡುವವರ ಕೆಲಸ. ಆ ಟರ್ಮಿನಲಿಗೆ ಪೆಟ್ಟಾಗದಂತೆ ಕಾಯುವುದು, ಅಲ್ಲಿಂದ ಒಳಗಿನ ವೈರಿಂಗ್ ಸರಿಯಾಗಿಡುವುದು ನಮ್ಮ ಕೆಲಸ.

ಮನೆಯೊಳಗೆ ‘ನಾವು’ ಎಂದರೆ ಯಾರು? ಪ್ರಶ್ನೆ ಸಿಕ್ಕಿಕೊಳ್ಳುವುದು ಇಲ್ಲಿಯೇ. ಪಾಲಾಗದ ಆಸ್ತಿ, ಊರಿನಲ್ಲಿಲ್ಲದ ಮಕ್ಕಳು, ಬಾಡಿಗೆಗೆ ಕೊಟ್ಟ ಭಾಗ. ಪತ್ರ ಯಾರ ಹೆಸರಿನಲ್ಲಿದ್ದರೂ ಫ್ರಿಜ್ ಮುಟ್ಟುವವರು ಅಲ್ಲಿ ವಾಸವಾಗಿರುವವರು. ಖರ್ಚನ್ನು ಯಾರು ಕೊಡಬೇಕೆಂದು ಆಮೇಲೆ ಮಾತಾಡಬಹುದು. ವೈರ್‌ಮನ್‌ಗೆ ಫೋನ್ ಮಾಡುವುದು ದೋಷ ಮೊದಲು ತಿಳಿದವರ ಕರ್ತವ್ಯ.

ಏನು ಮಾಡಬೇಕು?

• ಜುಮ್ ಎಂದ ಯಂತ್ರವನ್ನು ಅಂದೇ ನಿಲ್ಲಿಸಿ. ಮೈನ್ ಸ್ವಿಚ್ ಆಫ್ ಮಾಡಿದ ಮೇಲೆಯೇ ಅದರ ಪ್ಲಗ್ ತೆಗೆಯಿರಿ.

• ಅರ್ಥಿಂಗನ್ನು ಮೀಟರ್ ಹಾಕಿ ಅಳೆಯಲು ವೈರ್‌ಮನ್‌ಗೆ ಹೇಳಿ. ಕಣ್ಣಿನಲ್ಲಿ ನೋಡಿದರೆ ಸಾಲದು. ಸಾಕೆಟುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

• ಹೊಸದಾಗಿ ಹಾಕುವುದಾದರೆ ಸುಮಾರು ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು, ಸುತ್ತಲೂ ಇದ್ದಿಲು ಮತ್ತು ಉಪ್ಪು ಹಾಕುವುದು ರೂಢಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹೊಯ್ಯಿರಿ.

• ನಮ್ಮಲ್ಲಿ ಇ.ಎಲ್.ಸಿ.ಬಿ. ಎಂದೇ ಕರೆಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡರೆ ಅದು ಕ್ಷಣದೊಳಗೆ ಲೈನ್ ಕಡಿಯುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಿ. ಅದಿದೆ ಎಂದು ಅರ್ಥಿಂಗ್ ಬಿಡಬೇಡಿ. ಅರ್ಥಿಂಗ್ ಇದ್ದರೆ ಸೋರಿಕೆ ಆದಾಗಲೇ ಅದು ಕಡಿಯುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

• ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ತೂತಿನ ಸಾಕೆಟಿಗೆ ಹಾಕಬೇಡಿ.

ಒಂಟಿಯಾಗಿರುವ ಹಿರಿಯರನ್ನು ನೋಡಲು ಹೋದಾಗ ಆರೋಗ್ಯ ವಿಚಾರಿಸುವ ಜೊತೆಗೆ ಇದನ್ನೂ ಕೇಳಿ: “ಫ್ರಿಜ್, ಗ್ರೈಂಡರ್, ಪಂಪು ಮುಟ್ಟಿದರೆ ಜುಮ್ ಅನ್ನುತ್ತದೆಯೇ?” ತೊಂದರೆ ಕೊಡಬಾರದೆಂದು ಅವರಾಗಿ ಹೇಳುವುದಿಲ್ಲ.

ದೊಡ್ಡಮ್ಮನ ಮನೆಯ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಅಣ್ಣತಮ್ಮ ಇಬ್ಬರೂ ಹಣ ಕಳಿಸಿದರು. ಸಂಜೆ ದೊಡ್ಡಮ್ಮ ಫ್ರಿಜ್ಜಿನ ಬುಡದ ಚಪ್ಪಲಿ ಎತ್ತಿ ಹೊರಬಾಗಿಲಿನ ಮೆಟ್ಟಿಲ ಬಳಿ ಇಟ್ಟರು. “ಅದರ ಜಾಗ ಅಲ್ಲಿಯೇ ಅಲ್ಲವಾ?” ಎಂದರು.